ದಿನಾ ಓಡುವವನ ನಾಯಿ

ಪಶುವೈದ್ಯರ ಕೋಣೆಯ ಮುಂದಿನ ಬೆಂಚಿನಲ್ಲಿ ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದರ್ಜಿಯಮ್ಮನಿಗೆ, ಬೇಡವೆಂದರೂ ಪಕ್ಕದ ಅತ್ತಿಗೆ-ಮೈದುನರ ಮಾತು ಕಿವಿಗೆ ಬೀಳುತ್ತಿತ್ತು. ಅವರಿಬ್ಬರ ನಡುವೆ ಕಂದು ನಾಯಿಯೊಂದು ಹಗ್ಗ ಜಗ್ಗುತ್ತಿತ್ತು.

"ಈ ಪೀಡೆಗೆ ಬೇರೆ ಮನೆ ನೋಡಿ ಅತ್ತಿಗೆ. ಒಂದು ಕಡೆ ನಿಲ್ಲಲ್ಲ."

"ಬೀದಿಯಿಂದ ಎತ್ತಿ ತಂದು ನಿನ್ನ ಕೈಗೆ ಕೊಡೋವಾಗಲೇ ಹೇಳಿದ್ನಲ್ಲಯ್ಯಾ, ಇದಕ್ಕೆ ಓಡೋ ಯಜಮಾನ ಬೇಕು ಅಂತ. ದಿನಾ ಓಡ್ತೀನಿ ಅಂತ ಎದೆ ತಟ್ಟಿಕೊಂಡೋನು ನೀನಲ್ವಾ?"

"ಓಡ್ತೀನಲ್ಲ, ಟ್ರೆಡ್‌ಮಿಲ್ ಮೇಲೆ."

"ಮನೆಯೊಳಗೆ?"

"ಹೂಂ. ಫ್ಯಾನ್ ಹಾಕ್ಕೊಂಡು."

"ಆಗ ನಾಯಿ?"

"ಕಿಟಕಿಗೆ ಕಟ್ಟಿರ್ತೀನಿ. ನೋಡ್ತಾ ಇರುತ್ತೆ."

"ಭೇಷ್! ಹಸಿದವನ ಎದುರು ಕೂತು ಉಂಡ ಹಾಗಾಯ್ತು."

"ನಿನ್ನೆ ಹಗ್ಗ ಬಿಡಿಸ್ಕೊಂಡು ಟ್ರೆಡ್‌ಮಿಲ್ ಬೆಲ್ಟನ್ನೇ ಕಚ್ಚಿ ಹರಿದು ಹಾಕ್ತು!"

"ಅದರದ್ದೇನು ತಪ್ಪು? ಅಷ್ಟು ಓಡಿಯೂ ಇದ್ದಲ್ಲೇ ಇರೋ ಮನುಷ್ಯನ್ನ ನೋಡಿ ನೋಡಿ ಅದಕ್ಕೇ ನಾಚಿಕೆಯಾಗಿರಬೇಕು. ಬೆಲ್ಟಿನ ಚೂರೇನೂ ಹೊಟ್ಟೆಗೆ ಹೋಗಿಲ್ಲ ಅಂದ್ರಲ್ಲ ಡಾಕ್ಟ್ರು, ಏಳು. ಬೇರೆ ಮನೆ ನಾನೇ ಹುಡುಕ್ತೀನಿ. ಕಾರಿನ ತನಕ ನೀನೇ ಹಿಡ್ಕೊಂಡು ಬಾ."

ಹೊರಬಾಗಿಲು ತೆರೆದದ್ದೇ ತಡ, ನಾಯಿ ನೆಗೆಯಿತು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ ಮೈದುನ, ಒಂದು ಚಪ್ಪಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು, ಕಾರನ್ನೂ ದಾಟಿ ತಿರುವಿನತ್ತ ಓಡಿದ.

ಅತ್ತಿಗೆ ಆ ಚಪ್ಪಲಿಯನ್ನು ಎತ್ತಿಕೊಂಡು ದರ್ಜಿಯಮ್ಮನ ಕಡೆ ತಿರುಗಿದಳು.

"ನೋಡಿ, ನಮ್ಮ ಮೈದುನ ದಿನಾ ಓಡ್ತಾನಂತೆ" ಎಂದವಳು, ಅವಸರವೇನೂ ಇಲ್ಲದೆ ಮೆಟ್ಟಿಲಿಳಿದು ಹೋದಳು.