ಹತ್ತು ಮನೆಯ ಕೀಲಿ

ಭೀಮರಾಯನಗುಡಿ ಕ್ಯಾಂಪಿನ ಬಸ್‌ಸ್ಟಾಂಡಿನಲ್ಲಿ ಶೇಖಮ್ಮನ ಪಕ್ಕ ಕುಳಿತ ಹೊಸ ಜೋಡಿ ಮನಾಲಿಗೆ ಹೊರಟಿತ್ತು. ಹಿಮದಾಟಕ್ಕೆ ಬರುವವರಿಗೆ ಬಾಡಿಗೆ ಕೊಡುವ ಮನೆಗಳನ್ನು ಅಲ್ಲಿ ಗಂಡ ನೋಡಿಕೊಳ್ಳುತ್ತಾನಂತೆ. ಹೆಂಡತಿಯ ತೊಡೆಯ ಮೇಲೆ ಕಂಬಳಿಗಂಟು. ಶೇಖಮ್ಮ ಕಿವಿ ಅತ್ತಲೇ ಇಟ್ಟಳು.

“ಕಂಬಳಿ ಯಾಕ? ಮನಿಮನ್ಯಾಗ ರಜಾಯಿ ಅದಾವ,” ಎಂದ ಗಂಡ.

“ಅವು ಬಾಡಿಗಿ ಮಂದೀವು. ನಾವು ಇರೋ ಮನಿ ಯಾವುದ್ರಿ?”

“ಯಾವುದು ಖಾಲಿ ಇರ್ತದೋ ಅದು.”

“ಅದಕ್ಕ ಮಂದಿ ಬಂದ್ರ?”

“ಪಕ್ಕದ್ದಕ್ಕ ಹೋಗೋದು. ಹತ್ತು ಮನಿ ಕೀಲಿ ನನ್ನ ಕೈಯಾಗ ಅದಾವ.”

“ಎಲ್ಲಾ ತುಂಬಿದ್ರ?”

ಅವನು ಕೀಲಿಗೊಂಚಲು ತಿರುವುತ್ತ ಕುಳಿತ.

“ನಮ್ಮಪ್ಪನೂ ಕುರಿ ಹಿಂದ ಹಿಂಗ ಅಡ್ಡಾಡ್ತಿದ್ದ. ಕೀಲಿ ಇರಲಿಲ್ಲ, ಅಷ್ಟ,” ಎಂದಳು ಹೆಂಡತಿ.

ಬಸ್ಸು ಬಂತು. ಕಂಬಳಿಗಂಟನ್ನು ಅವನೇ ಹೆಗಲಿಗೇರಿಸಿಕೊಂಡು ಹತ್ತಿದ.