ಸಾಕ್ಷಿಗೆ ಒಬ್ಬಳೇ ಹೋದ ದಿನ

ಗೇಟು ತೆಗ್ದೇ ಇತ್ತು ಕಣ್ಲಾ, ಅದ ನಾನು ಇಲ್ಲ ಅನ್ನಕಿಲ್ಲ. ಗೇಟು ಅಂದ್ರೆ ಕ್ವಾರಿ ಗೇಟು, ಕ್ವಾರಿ ಅಂದ್ರೆ ಕಲ್ಲು ಒಡಿಯೋ ಜಾಗ, ನಾನೂ ನಿಮ್ಮ ತಾತನೂ ಅಲ್ಲಿ ಒಂಬತ್ತು ವರ್ಸ, ಅಲ್ಲಲ್ಲ, ಅತ್ತು, ನಿಮ್ಮವ್ವ ಉಟ್ಟಿದ್ದೂ ಅಲ್ಲೇ ಅಲ್ವಾ, ಅತ್ತು ವರ್ಸ ಕಲ್ಲು ಒಡುದ್ವಿ. ಬೀಗ ಇರ್ನಿಲ್ಲ. ಆದ್ರೆ ಮೊದಲಾಳಿ, ಅಂದ್ರೆ ಸಾಲ ಕೊಟ್ಟು ನಮ್ಮ ಜೀತಕ್ಕೆ ಇಟ್ಕಂಡಿದ್ದ ಕ್ವಾರಿ ಯಜಮಾನ, ಒಂದು ಮಾತು ಏಳಿದ್ದ: "ಸಂತೆಗೆ ಓಗಿ, ಆಸ್ಪತ್ರೆಗೆ ಓಗಿ, ಮನೆಗೆ ಒಬ್ರು ಇಲ್ಲೇ ಉಳೀಬೇಕು." ಯಾಕೆ ಅಂದ್ರೆ ಆಚೆ ಓದೋರು ಓಡೋಗ್ಬಾರ್ದು ಅಂತ, ಗೊತ್ತಾಯ್ತಾ? ನಾನು ತಾಳವಾಡಿ ಸಂತೆಗೆ ಓದ್ರೆ ತಾತ ಅಲ್ಲಿ. ತಾತ ಅವ್ರಪ್ಪನ ಮಣ್ಣಿಗೆ ಓದಾಗ ನಾನೂ ಮಗೀನೂ ಅಲ್ಲಿ. ಒಂದ್ಸಲ ನಮ್ಮ ಜೊತೆ ಕಲ್ಲು ಒಡೀತಿದ್ದ ಸಿದ್ದಮ್ಮನ ಗಂಡ ವಾಪಸ್ ಬರ್ನಿಲ್ಲ, ಅವಳ್ನ ಮೂರು ದಿನ ಶೆಡ್ಡಲ್ಲಿ ಕೂಡಾಕುದ್ರು.

ಆಮೇಲೆ ಆಫೀಸರು ಬಂದು ನಮ್ಮ ಬುಡಿಸಿದ್ರು, ಮೊದಲಾಳಿ ಮೇಲೆ ಕೇಸಾಯ್ತು. "ದೊಡ್ಡೋರ ತಂಟೆ ಯಾಕಮ್ಮಿ?" ಅಂದ್ರು ಊರೋರು. "ಅವ್ನಿಗೆ ಶಿಕ್ಷೆ ಆಗಾದ ನಾನು ನೋಡ್ಲೇಬೇಕು" ಅಂದೆ. ದಿಂಬಂ ಘಾಟಿ ಇಳಿಯೋ ಬಸ್ಸಲ್ಲಿ ಒಂದೊಂದು ತಿರುವ್ಗೂ ವಾಂತಿ ಮಾಡ್ಕಂಡು ಸತ್ಯಮಂಗಲದ ಕೋರ್ಟಿಗೆ ಓದೆ. ಮೊದಲಾಳಿ ವಕೀಲ ನಗ್ತಾ ಕೇಳ್ದ, "ಗೇಟಿಗೆ ಬೀಗ ಇತ್ತೇನಮ್ಮ?" "ಇಲ್ಲ ಸಾಮಿ." "ಸಂತೆಗೆ ಓಯ್ತಿದ್ಯಾ?" "ಓಯ್ತಿದ್ದೆ." "ಮತ್ತೆ ನಿನ್ನ ಯಾರು ಇಡ್ಕಂಡಿದ್ರು?" ಕೇಸು ಕೈಬುಟ್ಟೋಯ್ತು ಅನ್ಕಂಡೆ. ಆಗ ಜಡ್ಜಮ್ಮ ಕಾಗ್ದ ನೋಡಿ, "ನಿನ್ನ ಗಂಡಂದೂ ಇವತ್ತೇ ಸಾಕ್ಷಿ ಇತ್ತಲ್ಲಮ್ಮ, ಎಲ್ಲಿ?" ಅಂದ್ರು. "ಮನೇಲವ್ರೆ ತಾಯಿ, ಮಗ್ಳೂ ಅಲ್ಲೇ. ನಾನು ಬಂದ್ಮೇಲೆ ಅವ್ರು ಉಳೀಬೇಕಲ್ಲ." "ಅಂಗಂತ ಯಾರು ಏಳಿದ್ದು?" "ಮೊದಲಾಳಿ." "ಈಗಲೂ ಏಳಿದ್ರಾ?" ಅಯ್ಯೋ ನನ್ನ ಬುದ್ಧಿಗೆ! ಆಚೆ ಬಂದು ಎರಡು ವರ್ಸ ಆಗಿತ್ತು, ಯಾರೂ ಏನೂ ಏಳಿರ್ನಿಲ್ಲ. ಆದ್ರೂ ಬೆಳಗ್ಗೆ ನಾನು "ನೀ ಇರು" ಅಂದಿದ್ದೆ, ತಾತನೂ ಊಂ ಅಂದಿದ್ರು. ವಕೀಲನ ನಗೆ ನಿಂತೋಯ್ತು. ಜಡ್ಜಮ್ಮ ನಾನು ಏಳಿದ್ನ ಒಂದಕ್ಷರ ಬುಡ್ದೆ ಬರ್ಸಿದ್ರು.

ತೀರ್ಪಿನ ದಿನ ನಾನು, ತಾತ, ನಿಮ್ಮವ್ವ ಮೂರು ಜನಾನೂ ಬಸ್ಸು ಅತ್ತಿದ್ವಿ. ಮೊದಲಾಳಿನ ಪೋಲೀಸರು ವ್ಯಾನಿಗೆ ಅತ್ತಿಸಾದ ಮೂರು ಜನಾನೂ ನಿಂತು ನೋಡಿದ್ವಿ. ವಾಪಸ್ ಬರ್ವಾಗ ದಿಂಬಂನಲ್ಲಿ ತಾತ "ಮೂರು ಟೀ" ಅಂದ್ರು, ಎಷ್ಟು ಜೋರಾಗಿ ಅಂದ್ರೆ ಟೀ ಅಂಗ್ಡಿಯೋನು "ನಂಗೆ ಕಿವಿ ಕೇಳ್ತದೆ ಯಜಮಾನ್ರೆ" ಅಂದ. ಅದ್ಕೇ ಕಣ್ಲಾ, ನಾಳೆ ಪಣಕಳ್ಳಿ ಮದ್ವೆಗೆ ಮನೆ ಕಾಯಕೆ ಅಂತ ಯಾರೂ ಉಳಿಯಂಗಿಲ್ಲ. ಬೀಗ ಆಕ್ಬುಟ್ಟು ಎಲ್ರೂ ನಡೀರಿ.