ಕಿರಿಯವನ ಪಾಲು

ಲೌದರ್ ಬೆಟ್ಟದ ಮೇಲೆ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಹಳೆಯ ಸೀಸದ ಗಣಿಯನ್ನು ಮತ್ತೆ ತೆರೆಯಲು ಹೊರಟಿದ್ದ ಕಂಪನಿಯ ಪರವಾಗಿ ಅಳತೆಗೆ ಬಂದಿದ್ದ ನಾವು ಮೂವರು, ಕೆಲಸ ನಿಲ್ಲಿಸಿ, ಮಧ್ಯಾಹ್ನದ ಹೊತ್ತಿಗೆ ಗ್ರಿಸೆಲ್ ಅಜ್ಜಿಯ ಅಡುಗೆಮನೆ ಸೇರಿದೆವು. ಜಾಗ ಆಕೆಯದು. ಓಟ್ಸ್ ರೊಟ್ಟಿಯ ತಟ್ಟೆಯ ಪಕ್ಕದಲ್ಲಿ ಆಕೆ ತೆಗೆದಿಟ್ಟ ತೊಗಲಿನ ಪತ್ರವಿತ್ತು. ಮುನ್ನೂರು ವರ್ಷದ ಹಿಂದಿನ ಸ್ಕಾಟ್ಸ್ ನುಡಿ, ಜೇಡನ ಕಾಲಿನಂಥ ಅಕ್ಷರ. ನಮ್ಮ ಹಿರಿಯ ಫರ್ಗಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅಜ್ಜಿ, ಇಲ್ಲೊಂದು ಪದ ಕೆರೆದಿದ್ದಾರಲ್ಲ?" ಎಂದ.

ಅಜ್ಜಿ ಕುರ್ಚಿಯನ್ನು ಒಲೆಯ ಹತ್ತಿರ ಎಳೆದುಕೊಂಡಳು.

"ಚುರುಕಪ್ಪ ನಿನ್ನ ಕಣ್ಣು. ಅವತ್ತು ಕೋರ್ಟಲ್ಲಿ ಕೂತಿದ್ದ ದೊಡ್ಡ ಮನುಷ್ಯರಿಗೆ ಇದು ಕಾಣಿಸ್ಲೇ ಇಲ್ಲ ನೋಡು... ರೊಟ್ಟಿ ತಗೊಳ್ಳಿ, ಹೇಳ್ತೀನಿ. ನನ್ನ ಗಂಡನ ಮನೆ ಹಿರೀಕ ಬರೆಸಿದ್ದು ಇದು. ಮೇಲಿನ ಹುಲ್ಲುಗಾವಲು ಹಿರೀ ಮಗನಿಗೆ, ಅದರಡಿ ಏನಿದ್ರೂ ಕಿರೀ ಮಗನಿಗೆ, ಪ್ರತಿ ತಲೆಮಾರಿಗೂ ಹಿಂಗೇ ಅಂತ. ಮುನ್ನೂರು ವರ್ಷ ಕಿರಿಯರಿಗೆ ಸಿಕ್ಕಿದ್ದು ಬರೀ ಕಲ್ಲು. ನನ್ನ ಗಂಡ ಗ್ಯಾವಿನ್ ಕಾಲಕ್ಕೆ ಸೀಸ ಸಿಕ್ತು.

"ಅವನಣ್ಣ ನಿನಿಯನ್ ಬಾವನ ಹೊಟ್ಟೆಗೆ ಅವತ್ತೇ ಕಿಚ್ಚು ಬಿತ್ತು. ಕುರಿ ಮೇಯಿಸೋದು ಬಿಟ್ಟು ಹುಲ್ಲಿನ ಮೇಲೆ ಕವುಚಿ ಮಲಗೋನು, ನೆಲಕ್ಕೆ ಕಿವಿ ಕೊಟ್ಟು, ತಮ್ಮನ ಪಿಕಾಸಿ ಸದ್ದು ಕೇಳ್ತಾ... ನಮ್ಮೋನಿಗೂ ನಾಲಿಗೆ ಸುಮ್ನಿರ್ತಿರ್ಲಿಲ್ಲ. 'ಅಣ್ಣಾ, ನಿನ್ನ ಕುರಿಗಳಿಗೆ ನಿದ್ದೆ ಕೆಡಿಸಿದ್ನಾ?' ಅನ್ನೋನು. 'ನನ್ನ ಹುಲ್ಲಿನ ಬೇರು ತಿಂದು ಬದುಕ್ತಿದೀಯ ಕಣೋ' ಅನ್ನೋನು ಬಾವ. ನಗು ಇರ್ತಿರ್ಲಿಲ್ಲ ಮುಖದಲ್ಲಿ.

"ಬಾವ ಮನೇಲಿದ್ದ ಪತ್ರ ಎತ್ಕೊಂಡು ಹೋಗಿ, ಕುರಿ ಕಿವೀಲಿ ಗುರುತು ಕುಯ್ಯೋ ಚಾಕೂಲಿ 'ಕಿರಿಯ' ಅನ್ನೋದನ್ನ ಕೆರೆದು 'ಹಿರಿಯ' ಅಂತ ಬರೆದ. ಕೋರ್ಟಲ್ಲಿ ಅವನೇ ಗೆದ್ದ. ನಮ್ಮೋನು ಒಪ್ತಾನಾ? 'ನನ್ನನ್ನ ಹೊರಗೆ ಹಾಕೋನು ಕೆಳಗೇ ಇಳಿದು ಬರ್ಲಿ' ಅಂದು ಸುರಂಗದಲ್ಲಿ ಹೋಗಿ ಕೂತ. ಬಾವ ಸುರಂಗದ ಬಾಯಲ್ಲಿದ್ದ ಆಸರೆ ಕಂಬಕ್ಕೆ ಹಗ್ಗ ಕಟ್ಟಿ ಕುದುರೆ ಕೈಲಿ ಎಳೆಸ್ದ... ಬೆಟ್ಟ ಒಂದ್ಸಲ ಕೆಮ್ಮಿದಂಗಾಯ್ತು, ಅಷ್ಟೇ. ನಾನು ಗಂಡನ ಊಟ ಹಿಡ್ಕೊಂಡು ಆ ದಿಬ್ಬದ ಮೇಲೆ ನಿಂತಿದ್ದೆ. 'ಹೆದರ್ಸೋಕೆ ಅಂತ ಮಾಡ್ದೆ ಗ್ರಿಸೆಲ್, ಹೆದರ್ಸೋಕೆ' ಅಂತ ಬಾವ ಅಳ್ತಿದ್ದ. ಪೊಲೀಸಿನೋರ ಮುಂದೆ ಮಾತ್ರ, ಬೆಟ್ಟ ತಾನೇ ಕುಸೀತು ಅಂದ. ನನ್ನ ಮಾತು, ದುಃಖಕ್ಕೆ ತಲೆ ಕೆಟ್ಟೋಳ ಮಾತಾಯ್ತು.

"ಆಮೇಲೆ ಇನ್ನೊಂದು ಕಡೆಯಿಂದ ಬಾವ ತಾನೇ ಅಗೆಯೋಕೆ ಶುರುಮಾಡ್ದ. ಮೊದಲ್ನೇ ದಿನ ಮೇಲೆ ಬಂದೋನ ಮುಖ ಬೂದಿ ಬಣ್ಣ. 'ನನ್ನ ಕಾಲ ಕೆಳಗೆ ಯಾರೋ ಅಗೀತಿದಾರೆ' ಅಂದ. ಇನ್ನೂ ಆಳಕ್ಕೆ ಹೋದ. ಸದ್ದು ಅದಕ್ಕಿಂತ ಕೆಳಗೆ! ಅಡಿಯಲ್ಲಿರೋದು ಕಿರಿಯನದು ತಾನೆ? ಬಾವ ಎಲ್ಲೀವರೆಗೆ ಇಳಿದ್ರೂ ಅದಕ್ಕೊಂದು ಅಡಿ ಇದ್ದೇ ಇರುತ್ತಲ್ಲ... ಬೇರೆಯೋರಾಗಿದ್ರೆ ಹೆದರಿ ಓಡ್ತಿದ್ರು. ಇವನಿಗೆ ಹೊಟ್ಟೆಕಿಚ್ಚು! 'ಕೆಳಗೆ ಏನೋ ದೊಡ್ಡದು ಸಿಕ್ಕಿದೆ ಅವನಿಗೆ. ಇಲ್ದಿದ್ರೆ ಅಷ್ಟು ಹುರುಪಲ್ಲಿ ಅಗೀತಾನಾ? ನನ್ನಿಂದ ಮುಚ್ಚಿಡ್ತಿದಾನೆ' ಅಂತ ನನ್ನ ಬಾಗಿಲಿಗೆ ಬಂದು ಗುದ್ದೋನು. ಸತ್ತ ತಮ್ಮನ ಪಾಲಿಗೆ ಹಿಂಗೆ ಕರುಬೋದನ್ನ ಎಲ್ಲಾದ್ರೂ ಕಂಡಿದ್ದೀರಾ? ಊಟ ಬಿಟ್ಟ. ಕುರಿ ದಿಕ್ಕಾಪಾಲಾದ್ವು. ಒಂದಿನ ಏಣಿ ಇಳಿದೋನು ಮೇಲೆ ಬರ್ಲಿಲ್ಲ. ಹುಡುಕೋಕೆ ಇಳಿದೋರು ಹಗ್ಗ ಮುಗಿಯೋವರೆಗೆ ಇಳಿದ್ರು, ತಳ ಸಿಗ್ಲಿಲ್ಲ.

"ಜಾಗ ನನಗೆ ಬಂತು. ಅಯ್ಯೋ ಪಾಪ, ಒಬ್ಬಳೇ ಇದ್ದಾಳೆ ಅಂತಾರೆ ಜನ. ಒಬ್ಬಳೇ ಎಲ್ಲಿ? ಎರಡು ಪಿಕಾಸಿ ಸದ್ದು ಕೇಳುತ್ತೆ, ಒಂದರ ಕೆಳಗೊಂದು. ನಿಜ ಹೇಳ್ಲಾ... ನನಗೂ ಸಂಕಟ ಆಗುತ್ತೆ. ನಮ್ಮೋನು ನಲವತ್ತು ವರ್ಷದಿಂದ ಅಣ್ಣನ ಜೊತೆ ಪೈಪೋಟಿಗೆ ಬಿದ್ದು ಅಗೀತಾನಲ್ಲ, ಹೆಂಡತಿ ಕಡೆ ಒಂದ್ಸಲ ತಿರುಗಿ ನೋಡಿದ್ನಾ? ಕೊಂದೋನೇ ಬೇಕಾಯ್ತು ಅವನಿಗೆ, ನಾನು ಬೇಡವಾದೆ. ನೆಲಕ್ಕೆ ಬಾಯಿಟ್ಟು ಬೈದಿದ್ದೀನಿ ಒಂದೊಂದ್ಸಲ."

ಫರ್ಗಸ್ ಪತ್ರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಹಾಗಾದ್ರೆ ಗಣಿ ತೆರೆಯೋ ಒಪ್ಪಿಗೆಗೆ ಸಹಿ ಹಾಕ್ತೀರಾ ಅಜ್ಜಿ?" ಎಂದ.

"ಮೇಲಿನ ಹುಲ್ಲಿಗೆ ಈಗಲೇ ಹಾಕ್ತೀನಪ್ಪ. ಕೆಳಗಿನದಕ್ಕೆ ನಾನ್ಯಾರು? ನಮ್ಮೋನನ್ನೇ ಕೇಳ್ಕೊಳ್ಳಿ. ಬೆಳಗ್ಗೆ ನೀವು ಅಳತೆಗೆ ಅಂತ ಆ ಕಬ್ಬಿಣದ ಗೂಟ ಹೊಡೆದಾಗಿನಿಂದ ಅಣ್ಣನ ಪಿಕಾಸಿ ನಿಂತಿದೆ... ನಮ್ಮೋನದು ಒಂದೇ ಕೇಳ್ತಿದೆ, ಮೇಲಕ್ಕೆ ಬರ್ತಾ. ಹಾಂ, ಕುರ್ಚಿ ಎಳೀಬೇಡ, ಸುಮ್ನೆ ಕೂತ್ಕೋ. ಈಗ ನಿನ್ನ ಕಾಲ ಕೆಳಗೇ ಇದ್ದಾನೆ."